ನೀರಿಗೆ ಇಳಿಯೋರು ಯಾರು ಮಾರಾಯ್ರೆ?

ಸುದ್ದಿ ನಮ್ಮ ಕಿವಿಗೂ ಬಿತ್ತು. ಈ ಆಗಸ್ಟಿಗೆ ನೀವು ಫ್ಯಾಮಿಲಿ ಸಮೇತ ಕಾರ್ನ್‌ವಾಲ್‌ಗೆ ಹೊರಟಿದ್ದೀರಂತೆ. ಸುಮ್ಮನೆ ಕಡಲು ನೋಡ್ಲಿಕ್ಕಲ್ಲ, ಸರ್ಫಿಂಗಿಗಂತೆ! ವಾಟ್ಸಾಪ್ ಗ್ರೂಪೂ ಆಗಿದೆಯಂತೆ, ಮಿಲ್ಟನ್ ಕೀನ್ಸಿನ ಭಾವನ ಮನೆಯವರೂ ಸೇರಿದ್ದಾರಂತೆ. (ಗ್ರೂಪಿನ ಡಿಪಿಗೆ ಹವಾಯಿಯ ಫೋಟೋ ಹಾಕಿದ್ದು ಯಾರು? ನೀವೇ ತಾನೆ?)

ಊರಲ್ಲಿ ಕೂತು ಓದುವವರು ಈಗಲೇ ನಗ್ಬೇಡಿ. ಮಗನ ಮನೆಗೆ ಅಂತ ಆರು ತಿಂಗಳ ವಿಸಿಟರ್ ವೀಸಾ ಹಿಡ್ಕೊಂಡು ರೆಡಿಂಗಿಗೋ ಸ್ಲೌಗೋ ಬರ್ತೀರಲ್ಲ, ನಿಮ್ಮನ್ನೂ ಆ ಕಾರಿನ ಹಿಂದಿನ ಸೀಟಿಗೆ ಲೆಕ್ಕ ಹಾಕಿ ಆಗಿದೆ. ಮಡಿಲಲ್ಲಿ ಪ್ರೆಶರ್ ಕುಕ್ಕರ್ ಇರ್ತದೆ. ಆ ಸಂಗತಿಗೆ ಆಮೇಲೆ ಬರ್ತೇನೆ.

ಯಾರಾದರೂ ಕೇಳಿದರೆ ನಿಮ್ಮ ಉತ್ತರ ರೆಡಿ: "ಏನು ಮಾಡೋದು, ಮಕ್ಕಳು ಹಟ ಹಿಡಿದಿದ್ದಾವೆ." ಹೌದಾ? ಮಕ್ಕಳು ಕೇಳಿದ್ದು ವೈಫೈ ಇರುವ ಯಾವ ಜಾಗವಾದರೂ ಅಡ್ಡಿಯಿಲ್ಲ ಅಂತ. ರಾತ್ರಿ ಹನ್ನೊಂದಕ್ಕೆ, ಎಲ್ಲರೂ ಮಲಗಿದ ಮೇಲೆ, ಹಾಲಿನ ಕಾರ್ಪೆಟ್ಟಿನಲ್ಲಿ ಬೋರಲು ಬಿದ್ದು, ಯೂಟ್ಯೂಬ್ ನೋಡ್ತಾ ಚಂಗನೆ ಎದ್ದು ನಿಲ್ಲುವ ಪ್ರಾಕ್ಟೀಸ್ ಮಾಡಿದ್ದು ಯಾರು? (ಕೆಳಗಿನ ಫ್ಲಾಟಿನವರು ಕಂಪ್ಲೇಂಟ್ ಕೊಟ್ಟಿಲ್ಲ, ನಿಮ್ಮ ಪುಣ್ಯ.)

ಆಗಸ್ಟೇ ಯಾಕೆ ಅಂತ ನಾನು ಕೇಳುವುದಿಲ್ಲ. ಜುಲೈ ಕೊನೆಗೆ ಶಾಲೆ ಮುಚ್ಚಿತು ಅಂದ್ರೆ ಇಡೀ ಇಂಗ್ಲೆಂಡಿನ ಮಕ್ಕಳು ಆರು ವಾರ ಮನೆಯಲ್ಲಿ ಬೊಬ್ಬೆ. ಕಾಟೇಜಿನವರಿಗೆ ಅದು ಗೊತ್ತುಂಟು. ಜೂನಿನಲ್ಲಿ ಕೇಳುವವರಿಲ್ಲದ ಅದೇ ಎರಡು ರೂಮು, ಅದೇ ಕಿರ್ರೆನ್ನುವ ಮಂಚ, ಆಗಸ್ಟಿನಲ್ಲಿ ರಾಜವೈಭೋಗದ ರೇಟಿಗೆ ಹೋಗ್ತದೆ.

ಆಗ ನಿಮ್ಮ ಮಂಡೆಗೆ ಒಂದು ಐಡಿಯಾ ಬಂದದ್ದು ಸುಳ್ಳಾ? ಶಾಲೆ ತಪ್ಪಿಸಿ ಕರ್ಕೊಂಡು ಹೋದರೆ ಫೈನು 80 ಪೌಂಡು. ಅದೂ ಒಂದು ಮಗುವಿಗೆ, ಒಬ್ಬ ಪೋಷಕರ ಲೆಕ್ಕ. ಎರಡು ಮಕ್ಕಳು, ಗಂಡ-ಹೆಂಡತಿ: 320. 21 ದಿನದೊಳಗೆ ಕಟ್ಟದಿದ್ದರೆ ಡಬಲ್. ಕಾಟೇಜಿನ ರೇಟಿನಲ್ಲಿ ಎಷ್ಟು ಉಳೀತದೆ, ಅದರಲ್ಲಿ 320 ಕಳೆದರೆ ಎಷ್ಟು ಅಂತ ನೀವು ಬಸ್ಸಿನಲ್ಲಿ ಕೂತು ಲೆಕ್ಕ ಮಾಡಿದ್ದೀರಿ. ಉಳಿತಾಯವೂ ಕಂಡಿತ್ತು. ಆಮೇಲೆ ಹೆಡ್ ಟೀಚರ್ ಎದುರು ನಿಲ್ಲುವ ಕಲ್ಪನೆ ಬಂದು ಕ್ಯಾಲ್ಕುಲೇಟರ್ ಮುಚ್ಚಿದಿರಿ. ಎಷ್ಟಾದರೂ ನಾವು ಮೇಷ್ಟ್ರಿಗೆ ಹೆದರಿ ಬೆಳೆದವರು.

ಇನ್ನು ನಿಮ್ಮ ಗೂಗಲ್ ಶೀಟು. ಭಾವ ನನಗೂ ಲಿಂಕ್ ಕಳಿಸಿದ್ದರು, ನೋಡಿದೆ. ಶನಿವಾರ 4ಕ್ಕೆ ಚೆಕ್-ಇನ್. ಭಾನುವಾರ 10ರಿಂದ 12 ಸರ್ಫಿಂಗ್, 12:30ಕ್ಕೆ ಚಿತ್ರಾನ್ನ, 1:15ಕ್ಕೆ ಗ್ರೂಪ್ ಫೋಟೋ. ಸೋಮವಾರ 10ರಿಂದ 12 ಸರ್ಫಿಂಗ್. ಮಂಗಳವಾರವೂ ಅದೇ. ಸರ್ಫಿಂಗಿಗೆ ನೀಲಿ ಬಣ್ಣ, ಊಟಕ್ಕೆ ಹಳದಿ. ನೋಡ್ಲಿಕ್ಕೆ ಭಾರೀ ಚಂದ ಉಂಟು. ಒಂದೇ ಸಮಸ್ಯೆ. ಆ ಶೀಟನ್ನು ಎಡಿಟ್ ಮಾಡುವ ಪರ್ಮಿಶನ್ ಇರುವುದು ಕಡಲಿಗೆ ಮಾತ್ರ.

ನೀವು ಘಟ್ಟದ ಮೇಲಿನವರು, ಅದಕ್ಕೆ ಬಿಡಿಸಿ ಹೇಳ್ತೇನೆ. (ಕರಾವಳಿಯವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಬೇಡ, ನೀವೂ ಓದಿ, ನಿಮಗೂ ಅಹಂಕಾರ ಜಾಸ್ತಿ.) ನಮ್ಮ ಮಂಗಳೂರು ಕಡೆ ಉಬ್ಬರ-ಇಳಿತದ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ನೀವು ಹೋಗುವ ಕಾರ್ನ್‌ವಾಲಿನ ನ್ಯೂಕ್ವೇಯಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ ಆರೇಳು ಮೀಟರ್. ಇನ್ನೂ ಒಳಗೆ, ಬ್ರಿಸ್ಟಲ್ ಕಾಲುವೆ ಕಿರಿದಾಗ್ತಾ ಹೋಗುವ ಕಡೆ, ನೀರಿಗೆ ಪಕ್ಕಕ್ಕೆ ಹೋಗ್ಲಿಕ್ಕೆ ಜಾಗ ಇಲ್ಲದೆ ಹದಿನಾಲ್ಕು ಮೀಟರ್ ಏರ್ತದೆ. ನಾಲ್ಕು ಮಾಳಿಗೆಯ ಕಟ್ಟಡ ಲೆಕ್ಕ ಹಾಕಿ.

ಅದರಲ್ಲೂ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ಚಂದ್ರನ ಕೆಲಸ ಅದು, ಅವನಿಗೆ ನಿಮ್ಮ ಚಿತ್ರಾನ್ನದ ಟೈಮು ಗೊತ್ತಿಲ್ಲ. ನ್ಯೂಕ್ವೇಯ ಟೋವನ್, ಗ್ರೇಟ್ ವೆಸ್ಟರ್ನ್, ಟಾಲ್‌ಕಾರ್ನ್ ಅಂತ ಬೇರೆ ಬೇರೆ ಹೆಸರಿನ ಬೀಚುಗಳುಂಟಲ್ಲ, ಇಳಿತದಲ್ಲಿ ಅವೆಲ್ಲ ಕೂಡಿ ಒಂದೇ ಉದ್ದದ ಹೊಯಿಗೆ. ಉಬ್ಬರದಲ್ಲಿ ನೀರು ಬಂದು ಬಂಡೆಗೋಡೆಗೇ ಬಡೀತದೆ. ಭಾನುವಾರ ನೀವು ಚಾಪೆ ಹಾಸಿದ ಜಾಗ ಇನ್ನೊಂದು ದಿನ ಅದೇ ಹೊತ್ತಿಗೆ ಕಡಲಿನ ಅಡಿಯಲ್ಲಿ. ಬಂಡೆಯ ಮೂಲೆ ದಾಟಿ ಆಚೆ ಫೋಟೋ ತೆಗೀಲಿಕ್ಕೆ ಹೋದವರು ವಾಪಸ್ ಬರ್ಲಿಕ್ಕೆ ದಾರಿ ಇಲ್ಲದೆ ಲೈಫ್‌ಬೋಟ್ ಹತ್ತಿ ಬರುವುದು ಅಲ್ಲಿ ಹೊಸ ಸುದ್ದಿಯೇ ಅಲ್ಲ.

ಹಾಗಾದ್ರೆ ಏನು ಮಾಡ್ಬೇಕು? ಸರ್ಫ್ ಶಾಲೆಯವರು ಯಾವ ದಿನ ಎಷ್ಟು ಹೊತ್ತಿಗೆ ಬನ್ನಿ ಅಂತಾರೋ ಆ ಹೊತ್ತಿಗೆ ಹೋಗ್ಬೇಕು. ಒಂದು ದಿನ ಬೆಳಗ್ಗೆ ಒಂಬತ್ತು, ಇನ್ನೊಂದು ದಿನ ಮಧ್ಯಾಹ್ನ ಎರಡೂವರೆ. ಅಷ್ಟೇ. ಶೀಟಿನಲ್ಲಿ ಊಟದ ಹಳದಿ ಬಣ್ಣವನ್ನು ಆಚೆ ಈಚೆ ತಳ್ಳಿ. (ಆಗುವುದಿಲ್ಲ ಅಂತೀರಾ? ಒಂದು ಗಂಟೆಗೆ ಊಟ ಆಗದಿದ್ದರೆ ತಲೆನೋವು ಬರ್ತದಾ? ನಿಮ್ಮ ಇಷ್ಟ. ಹಾಗಾದ್ರೆ ಚಂದ್ರನಿಗೊಂದು ಇಮೇಲ್ ಹಾಕಿ.)

ಫೋರ್‌ಕಾಸ್ಟ್ ನೋಡುವ ಚಟ ಬೇರೆ ಹತ್ತಿದೆ ನಿಮಗೆ, ಗೊತ್ತುಂಟು. ಟೀಮ್ಸ್ ಕಾಲಿನಲ್ಲಿ ಮ್ಯಾನೇಜರು ಕ್ವಾರ್ಟರಿನ ಟಾರ್ಗೆಟ್ ಹೇಳ್ತಾ ಇದ್ದರೆ ನಿಮ್ಮ ಎರಡನೇ ಸ್ಕ್ರೀನಿನಲ್ಲಿ ನ್ಯೂಕ್ವೇಯ ಫಿಸ್ಟ್ರಲ್ ಬೀಚಿನ ಕ್ಯಾಮೆರಾ. "ನಾಲ್ಕು ಅಡಿ ಬರ್ತಾ ಉಂಟು" ಅಂತ ಗ್ರೂಪಿಗೆ ಮೆಸೇಜು. ಸ್ವಾಮೀ, ಎತ್ತರ ಬಿಡಿ. ಒಂದು ತೆರೆಗೂ ಮುಂದಿನ ತೆರೆಗೂ ನಡುವೆ ಎಷ್ಟು ಸೆಕೆಂಡು ಅಂತ ಪಕ್ಕದಲ್ಲಿ ಇನ್ನೊಂದು ಅಂಕಿ ಇರ್ತದೆ. ಅದನ್ನು ನೋಡಿದ್ರಾ?

ಐದಾರು ಸೆಕೆಂಡು ಅಂತಿದ್ದರೆ ಅಲ್ಲೇ ಹತ್ತಿರದ ಗಾಳಿ ಎಬ್ಬಿಸಿದ ಗಲಿಬಿಲಿ, ನೀರು ಸುಮ್ಮನೆ ಕುದಿಯುತ್ತಾ ಇರ್ತದೆ. ಹನ್ನೆರಡು ದಾಟಿದರೆ ಅದು ಅಟ್ಲಾಂಟಿಕ್ಕಿನ ಮಧ್ಯದಲ್ಲೆಲ್ಲೋ ಎದ್ದ ಬಿರುಗಾಳಿಯ ತೆರೆ. ಸಾವಿರಾರು ಕಿಲೋಮೀಟರ್ ನಡೆದು ಬರುವಾಗ ಉದ್ದದ ತೆರೆಗಳು ಮುಂದೆ, ಗಿಡ್ಡದವು ಹಿಂದೆ ಅಂತ ಸಾಲು ಹಿಡಿದಿರ್ತಾವೆ. ಎರಡರ ಎತ್ತರವೂ ಮೂರು ಅಡಿಯೇ ಇರಬಹುದು, ಆದರೆ ಎರಡನೆಯದು ಬಂದು ತಟ್ಟಿದರೆ ನೀವು ಕೂತೇ ಬಿಡ್ತೀರಿ.

ಗಾಳಿಯ ಬಾಣದ ಗುರುತೂ ನೋಡ್ಬೇಕು. ನೆಲದಿಂದ ಕಡಲಿನ ಕಡೆ ಬೀಸುವ ಗಾಳಿ ತೆರೆಯನ್ನು ಎದೆಗೆ ಕೈ ಕೊಟ್ಟು ತಡೆದು ನಿಲ್ಲಿಸ್ತದೆ, ತೆರೆ ನೀಟಾಗಿ ಮಗುಚ್ತದೆ. ಕಡಲಿನಿಂದ ಬೀಸಿದರೆ ಒಟ್ರಾಶಿ. ಫಿಸ್ಟ್ರಲ್ ಪಶ್ಚಿಮಕ್ಕೆ ಮುಖ ಮಾಡಿದ ಬೀಚು, ಅದಕ್ಕೆ ಪೂರ್ವದ ಗಾಳಿ ಒಳ್ಳೇದು. ಇಷ್ಟೆಲ್ಲ ಕಲಿತು ಈಗ ಭಾವನಿಗೆ ಪಾಠ ಹೇಳ್ಬೇಕು ಅಂತ ನಿಮ್ಮ ನಾಲಗೆ ತುರಿಸ್ತಾ ಉಂಟಲ್ವಾ? ಹೇಳಿ, ಹೇಳಿ. ಆದರೆ ನಿಮ್ಮನ್ನು ನಿಲ್ಲಿಸುವುದು ಸೊಂಟದ ಮಟ್ಟದ ನೀರಿನಲ್ಲಿ, ಆಗಲೇ ಒಡೆದು ನೊರೆಯಾಗಿ ಬರುವ ತೆರೆಯಲ್ಲಿ. ಅಲ್ಲಿ ಪೂರ್ವವೂ ಒಂದೇ, ಪಶ್ಚಿಮವೂ ಒಂದೇ.

ಫಿಸ್ಟ್ರಲ್ಲೇ ಆಗ್ಬೇಕು ಅಂತ ಹಟ ಹಿಡಿದಿದ್ದೀರಂತಲ್ಲ, ಯಾಕೆ? ಹೆಸರು ಕೇಳಿದ್ದೀರಿ, ಅಷ್ಟೇ ತಾನೆ. ದೊಡ್ಡ ದೊಡ್ಡ ಸ್ಪರ್ಧೆ ನಡೆಯುವ ಜಾಗ ಅದು, ಅಟ್ಲಾಂಟಿಕ್ ಬಂದು ನೇರ ಬಾಗಿಲು ಬಡಿಯುವ ಕಡೆ. ಕಲಿಯುವವರಿಗೆ ಅಲ್ಲೂ ಶಾಲೆ ಉಂಟು, ಇಲ್ಲ ಅಂತಲ್ಲ. ಆದರೆ ಸಣ್ಣ ಮಕ್ಕಳಿದ್ದರೆ ಪೋಲ್ಜೆತ್ ನೋಡಿ, ಅಲ್ಲಿಯ ಇಳಿಜಾರು ಮೆದು. ಡೆವನ್ನಿನ ಕಡೆಯಾದರೆ ಸಾಂಟನ್ ಸ್ಯಾಂಡ್ಸ್, ಮೂರು ಮೈಲು ಉದ್ದ ಉಂಟು, ನೀವು ಬಿದ್ದದ್ದನ್ನು ಪಕ್ಕದವರು ನೋಡುವ ಸಾಧ್ಯತೆ ಕಡಿಮೆ.

ಅದರ ಪಕ್ಕದ ಕ್ರಾಯ್ಡ್‌ಗೆ ಮಾತ್ರ ಇಳಿತದ ಹೊತ್ತಿಗೆ ಹೋಗ್ಬೇಡಿ. ಊರು ಗೊಂಬೆಮನೆ, ಐಸ್‌ಕ್ರೀಂ ಅಂಗಡಿ, ಹುಲ್ಲಿನ ಮಾಡು, ಎಲ್ಲ ಚಂದ. ತೆರೆ ಮಾತ್ರ ಗೋಡೆ ಬಿದ್ದ ಹಾಗೆ ಬೀಳ್ತದೆ. ಅಲ್ಲಿ ಪಳಗಿದವರ ಸಾಲಿನ ನಡುವೆ ನಿಮ್ಮ ನೀಲಿ ಫೋಮ್ ಬೋರ್ಡ್ ಅಡ್ಡ ಬಂದರೆ ಇಂಗ್ಲಿಷಿನ ಕೆಲವು ಹೊಸ ಪದ ಕಲೀತೀರಿ. (ಐಇಎಲ್‌ಟಿಎಸ್‌ನಲ್ಲಿ ಕೇಳದೇ ಇದ್ದದ್ದು.)

"ಅಷ್ಟು ದೂರ ಯಾಕೆ, ಬೋರ್ನ್‌ಮತ್ ಹತ್ತಿರ ಅಲ್ವಾ?" ಅಂತ ಗ್ರೂಪಿನಲ್ಲಿ ಒಬ್ಬರು ಕೇಳಿಯೇ ಕೇಳ್ತಾರೆ. ಹತ್ತಿರ ಹೌದು, ಹೊಯಿಗೆಯೂ ಚಿನ್ನದ ಹಾಗೆ ಹೌದು. ತೆರೆ ಎಲ್ಲಿಂದ ತರ್ತೀರಿ? ಆಚೆ ಫ್ರಾನ್ಸು, ಈಚೆ ಕಾರ್ನ್‌ವಾಲಿನ ಮೂಗು ಅಡ್ಡ. ಅಲ್ಲಿಗೆ ಅಟ್ಲಾಂಟಿಕ್ ಬರುವಷ್ಟರಲ್ಲಿ ಸುಸ್ತಾಗಿರ್ತದೆ.

ತೆರೆ ಬರದಿದ್ದರೆ ನಾವೇ ಮಾಡ್ತೇವೆ ಅಂತ ಅಲ್ಲಿಯ ಕೌನ್ಸಿಲಿನವರೂ ಒಂದು ಶೀಟು ಮಾಡಿದ್ದರು. ಬೋಸ್ಕಂಬ್ ಬೀಚಿನ ಎದುರು ಹೊಯಿಗೆ ತುಂಬಿದ ದೈತ್ಯ ಚೀಲಗಳನ್ನು ಕಡಲಿನ ತಳಕ್ಕಿಳಿಸಿ, ಮೂವತ್ತು ಲಕ್ಷ ಪೌಂಡಿಗೂ ಹೆಚ್ಚು ಸುರಿದು, 2009ರಲ್ಲಿ ಯುರೋಪಿನ ಮೊದಲ ಕೃತಕ ಸರ್ಫ್ ರೀಫ್ ಅಂತ ಓಪನ್ ಮಾಡಿದರು. ಹೇಳಿದಂಥ ತೆರೆ ಬರ್ಲಿಲ್ಲ. ಚೀಲ ಹರಿದು 2011ರಲ್ಲಿ ಮುಚ್ಚಿಯೂ ಆಯ್ತು. ನಿಮ್ಮ ಗೂಗಲ್ ಶೀಟು ಫ್ರೀ, ಅದೊಂದು ಸಮಾಧಾನ.

(ನ್ಯೂಕಾಸಲ್ಲಿನ ಕನ್ನಡಿಗರು ಮುಖ ಊದಿಸಿಕೊಳ್ಳಬೇಡಿ. ನಿಮಗೆ ಟೈನ್‌ಮತ್‌ನ ಲಾಂಗ್‌ಸ್ಯಾಂಡ್ಸ್ ಉಂಟು, ಮೆಟ್ರೋ ರೈಲಿನಲ್ಲೇ ಹೋಗಿ ಬರಬಹುದು. ಕಾರ್ಡಿಫಿನವರಿಗೆ ಗವರ್‌ನ ಲಾಂಗೆನಿತ್. ಎಲ್ಲರಿಗೂ ಕಾರ್ನ್‌ವಾಲೇ ಬೇಕು ಅಂದ್ರೆ ಹೇಗೆ?)

ಸರಿ, ಹೊರಟಿರಿ. ಕಾಟೇಜುಗಳು ಹೆಚ್ಚಿನವು ಶನಿವಾರದಿಂದ ಶನಿವಾರಕ್ಕೆ. ಅಂದ್ರೆ ಅರ್ಧ ದೇಶ ಶನಿವಾರವೇ ಎಂ5 ಹೆದ್ದಾರಿಯ ಮೇಲೆ ಇರ್ತದೆ. ನೀವು ಬುದ್ಧಿವಂತರು, ಎ303 ಹಿಡೀತೀರಿ. ಉಳಿದ ಅರ್ಧ ದೇಶದ ಬುದ್ಧಿವಂತರೂ ಅಲ್ಲೇ ಇರ್ತಾರೆ. ಸ್ಟೋನ್‌ಹೆಂಜ್ ಎದುರು ಕಾರು ಎಷ್ಟು ನಿಧಾನ ಹೋಗ್ತದೆ ಅಂದ್ರೆ ಹಿಂದಿನ ಸೀಟಿನ ಅಜ್ಜಿ ಕಲ್ಲುಗಳನ್ನು ಎರಡೆರಡು ಸಲ ಎಣಿಸಿ "ಇಷ್ಟಕ್ಕೆ ಟಿಕೆಟ್ ಬೇರೆಯಾ?" ಅಂತ ಕೇಳಿ ಆಗಿರ್ತದೆ.

ಡಿಕ್ಕಿಯಲ್ಲಿ ಏನೇನುಂಟು ಅಂತ ನಾನು ಹೇಳ್ಬೇಕಾ? ಹತ್ತು ಕಿಲೋ ಸೋನಾ ಮಸೂರಿ (ಕಾರ್ನ್‌ವಾಲಿನಲ್ಲಿ ಅಂಗಡಿಯೇ ಇಲ್ಲ ಅನ್ನುವ ಹಾಗೆ), ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಯ ಬಾಟಲಿ ಮೂರು ಪ್ಲಾಸ್ಟಿಕ್ಕಿನೊಳಗೆ, ಎಂಟಿಆರ್ ಪ್ಯಾಕೆಟ್ಟು, ಫಿಲ್ಟರ್ ಕಾಫಿಯ ಸೆಟ್ಟು. ಡಿಕ್ಕಿ ಭರ್ತಿಯಾಗಿ ಕುಕ್ಕರ್ ಅಜ್ಜಿಯ ಮಡಿಲಿಗೆ. ಅವರೇನೂ ಬೇಜಾರು ಮಾಡ್ಕೊಳ್ಳುವುದಿಲ್ಲ, ಅದರ ಮುಚ್ಚಳದ ಮೇಲೆ ಕೈಯಿಟ್ಟು ನಿದ್ದೆ ಮಾಡ್ತಾರೆ. ಸರ್ಫಿಂಗಿನ ಸಾಮಾನು ಯಾವುದು? ಒಂದು ಸನ್‌ಸ್ಕ್ರೀನ್. ಅದೂ ಎಕ್ಸ್‌ಪೈರಿ ಆದದ್ದು.

ಕೊನೆಯ ಆರು ಮೈಲು ಬಾಕಿ ಇರುವಾಗ ನ್ಯಾವಿಗೇಶನ್ ನಿಮ್ಮನ್ನು ಒಂದು ಓಣಿಗೆ ತಿರುಗಿಸ್ತದೆ. ಎರಡೂ ಕಡೆ ಆಳೆತ್ತರದ ಬೇಲಿ, ಕಾರು ಹೋದರೆ ಎಲೆಗಳು ಕನ್ನಡಿ ಸವರ್ತಾವೆ. ಎದುರಿಗೆ ಟ್ರ್ಯಾಕ್ಟರ್. ಅವನು ಎಂಜಿನ್ ಆಫ್ ಮಾಡಿ ನಗ್ತಾ ಕೂತಿರ್ತಾನೆ. ರಿವರ್ಸ್ ಹೋಗಬೇಕಾದವರು ಯಾರು ಅಂತ ಅವನಿಗೂ ಗೊತ್ತು, ನಿಮಗೂ ಗೊತ್ತು. ಪಕ್ಕದ ಸೀಟಿನಿಂದ "ಬಲಕ್ಕೆ, ಬಲಕ್ಕೆ, ನಿಮ್ಮ ಬಲ ಅಲ್ರೀ" ಅಂತ ಬರುವ ಸಲಹೆ ಬೋನಸ್ಸು.

ಈಗ ವೆಟ್‌ಸೂಟು. ಇದನ್ನು ಸ್ವಲ್ಪ ನಿಧಾನ ಹೇಳ್ತೇನೆ, ಯಾಕಂದ್ರೆ ನೀವು ಪ್ಲ್ಯಾನ್ ಮಾಡದೇ ಇರುವುದು ಇದೊಂದನ್ನೇ. ಕಾರ್ನ್‌ವಾಲಿನ ನೀರು ಆಗಸ್ಟಿನಲ್ಲಿ 16-17 ಡಿಗ್ರಿ. ಅದೇ ಅಲ್ಲಿಯ ಬೇಸಿಗೆ! ಮಾರ್ಚಿನಲ್ಲಿ 9-10. ನಮ್ಮ ಕಡೆಯ ಕಡಲು 28ರ ಆಸುಪಾಸು ಇರ್ತದೆ, ಅದಕ್ಕೇ ನಾವು ಲುಂಗಿ ಎತ್ತಿ ಕಟ್ಟಿ ಇಳೀತೇವೆ. ಇಲ್ಲಿ ಲುಂಗಿ ನಡೆಯುವುದಿಲ್ಲ.

ವೆಟ್‌ಸೂಟ್ ಅಂದ್ರೆ ನೀರು ಒಳಗೆ ಬಾರದ ಅಂಗಿ ಅಂತ ತಿಳ್ಕೊಂಡಿದ್ದೀರಾ? ಬರ್ತದೆ. ಮೊದಲು ಬೆನ್ನಹುರಿಯ ಉದ್ದಕ್ಕೂ ತಣ್ಣಗೆ ಇಳೀತದೆ, ನೀವು ದೇವರ ಹೆಸರು ಹೇಳ್ತೀರಿ. ಆಮೇಲೆ ಆ ತೆಳು ನೀರು ಮೈಗೂ ರಬ್ಬರಿಗೂ ನಡುವೆ ಸಿಕ್ಕಿಬಿದ್ದು ನಿಮ್ಮದೇ ಬಿಸಿಗೆ ಬೆಚ್ಚಗಾಗ್ತದೆ. ರಬ್ಬರಿನ ತುಂಬ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳು, ಅವು ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸೂಟು ಮೈಗೆ ಅಂಟಿದ್ದರೆ ಮಾತ್ರ ಈ ಆಟ ನಡೀತದೆ. ಲೂಸಾಗಿದ್ದರೆ ಪ್ರತಿ ತೆರೆಗೂ ಹೊಸ ತಣ್ಣೀರು.

ಮೈಗೆ ಅಂಟುವ ಸೂಟು ಅಂದ್ರೆ ಏನು ಗೊತ್ತುಂಟಾ? ಕಾರ್ ಪಾರ್ಕು, ಒಂದು ಕಾಲು ಒಳಗೆ, ಇನ್ನೊಂದು ಹೊರಗೆ, ಗಾಳಿ. ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿದೆ. ಬೆರಳಿನ ತುದಿಯಿಂದ ಎಳೆಯುವ ಹಾಗಿಲ್ಲ, ಉಗುರು ತಾಗಿದರೆ ರಬ್ಬರ್ ಹರೀತದೆ. ಚಿವುಟಿ ಚಿವುಟಿ ಮೇಲಕ್ಕೆ ತರ್ಬೇಕು. ಮಂಡಿ ದಾಟಿತು. ತೊಡೆ ದಾಟಿತು. ಕಾಲು ಗಂಟೆಯ ನಂತರ, ಬೆವರು ಒರೆಸಿಕೊಂಡು, ಜಿಪ್ ಹಾಕುವಾ ಅಂತ ನೋಡಿದರೆ ಜಿಪ್ಪು ಹೊಟ್ಟೆಯ ಮೇಲೆ ಉಂಟು. ಅದು ಬೆನ್ನಿಗೆ ಬರ್ಬೇಕಾದ್ದು ಮಾರಾಯ್ರೆ! ತೆಗೀರಿ. ಮೊದಲಿಂದ.

(ಮಕ್ಕಳಿಗೆ ಸೂಪರ್ ಮಾರ್ಕೆಟ್ಟಿನ ಸೇಲಿನಲ್ಲಿ "ಮುಂದಿನ ವರ್ಷಕ್ಕೂ ಆಗ್ತದೆ" ಅಂತ ಎರಡು ಸೈಜು ದೊಡ್ಡದು ತಗೊಂಡಿದ್ದೀರಲ್ಲ, ಹಿಂದಿರುಗಿಸಿ. ಯೂನಿಫಾರ್ಮಿಗೆ ಆಗುವ ಬುದ್ಧಿ ಇದಕ್ಕೆ ಆಗುವುದಿಲ್ಲ. ಸರ್ಫ್ ಶಾಲೆಯವರೇ ಪಾಠದ ಜೊತೆ ಸೂಟೂ ಬೋರ್ಡೂ ಕೊಡ್ತಾರೆ.)

ಪಾಠ ಸುಮಾರು ಎರಡು ಗಂಟೆ. ಎಂಟು ಜನಕ್ಕೆ ಒಬ್ಬ ಗುರು. ಗುರು ಅಂದ್ರೆ ಕೂದಲು ಬಿಸಿಲಿಗೆ ಬಿಳಿಚಿಕೊಂಡ, ನಿಮ್ಮ ಆಫೀಸಿನ ಇಂಟರ್ನಿಗಿಂತ ಎಳೆಯ ಹುಡುಗಿ. ಮೊದಲು ಹೊಯಿಗೆಯ ಮೇಲೆಯೇ ಬೋರ್ಡಿಟ್ಟು ಮಲಗಿಸ್ತಾಳೆ. ಕೈ ಎದೆಯ ಪಕ್ಕ, ತಲೆ ಮೇಲೆ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. "ಇದು ನಮ್ಮ ಭುಜಂಗಾಸನ ಅಲ್ವಾ, ಸಾವಿರಾರು ವರ್ಷದ್ದು" ಅಂತ ನೀವು ಅವಳಿಗೆ ಹೇಳ್ತೀರಿ. ಅವಳು "ಗ್ರೇಟ್, ಮಾಡಿ ತೋರಿಸಿ" ಅಂತಾಳೆ. ಈಗ ಹೇಳಿ, ಮಾತಾಡಬೇಕಿತ್ತಾ?

ಮಗಳು ಮೂರನೇ ತೆರೆಗೆ ಎದ್ದು ನಿಂತಿರ್ತಾಳೆ. ಮಕ್ಕಳಿಗೆ ಸಸಾರ, ಗಿಡ್ಡ ಇರ್ತಾವೆ, ಹಗುರ ಇರ್ತಾವೆ, ಮರ್ಯಾದೆಯ ಚಿಂತೆ ಇಲ್ಲ. ನೀವೋ? ಮಂಡಿಯೂರಿ ನಿಂತು ಅಲ್ಲೇ ಯೋಚನೆ ಮಾಡ್ತೀರಿ. ಮುಂದಿನ ಕಾಲು ಯಾವುದು, ಹಿಂದಿನದು ಯಾವುದು, ಯಾರಾದರೂ ವಿಡಿಯೋ ತೆಗೀತಿದ್ದಾರಾ. ತೆರೆ ಅಷ್ಟು ಹೊತ್ತು ಕಾಯ್ತದಾ? ನೋಡಬೇಕಾದ್ದು ಎದುರಿನ ದಡವನ್ನು, ನಿಮ್ಮ ಕಾಲನ್ನಲ್ಲ. ಕಾಲು ಎಲ್ಲಿಗೂ ಹೋಗಿಲ್ಲ, ಅಲ್ಲೇ ಉಂಟು.

ಆದರೆ ನೀವು ಅಲ್ಲಿವರೆಗೆ ಬರುವುದೇ ಅನುಮಾನ. ನನಗೆ ಗೊತ್ತಿಲ್ವಾ? ಬೀಚಿಗೆ ಹೋದ ಮೇಲೆ "ಯಾರಾದರೂ ಒಬ್ಬರು ಬ್ಯಾಗು ನೋಡ್ಕೊಳ್ಬೇಕಲ್ಲ" ಅಂತ ಶುರು ಆಗ್ತದೆ. ಆ ಒಬ್ಬರು ನೀವೇ. ಕಾರಿನ ಕೀ ಉಂಟು, ಫೋನು ಉಂಟು, ಸೊಂಟನೋವು ಉಂಟು, ಮೊನ್ನೆಯಷ್ಟೇ ಶೀತ ಆಗಿತ್ತು. ವಿಂಡ್‌ಬ್ರೇಕಿನ ಮರೆಯಲ್ಲಿ ಶಾಲು ಹೊದ್ದು ಕೂತು ಮಕ್ಕಳಿಗೆ "ಮಂಡಿ ಬಗ್ಗಿಸು! ಬಗ್ಗಿಸು ಅಂದೆ!" ಅಂತ ಕಿರುಚುವುದು. ಇಷ್ಟು ಮಾಡ್ಲಿಕ್ಕೆ ಮುನ್ನೂರು ಮೈಲು ಬರ್ಬೇಕಿತ್ತಾ?

"ಇದೆಲ್ಲ ನಮ್ಮಂಥವರಿಗಲ್ಲ" ಅನ್ನುವ ಡೈಲಾಗೂ ರೆಡಿ ಇಟ್ಟಿದ್ದೀರಿ. ಯಾರಿಗೆ ಮತ್ತೆ? ಬ್ರಿಟನ್ನಿನಲ್ಲಿ ಸರ್ಫಿಂಗ್ ಮಾಡಿದ ಮೊದಲಿಗರಲ್ಲಿ ಹವಾಯಿಯಿಂದ ಓದ್ಲಿಕ್ಕೆ ಬಂದಿದ್ದ ಇಬ್ಬರು ರಾಜಕುಮಾರರಿದ್ದಾರೆ, ಕವಾನನಕೋವಾ ಮತ್ತು ಕುಹಿಯೋ ಅಂತ ಅಣ್ಣತಮ್ಮ. 1890ರ ಸೆಪ್ಟೆಂಬರಿನಲ್ಲಿ, ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್ನಿನಲ್ಲಿ. ವೆಟ್‌ಸೂಟ್ ಇರ್ಲಿಲ್ಲ, ಉತ್ತರ ಸಮುದ್ರದ ಚಳಿ ಇತ್ತು. ಬೆಚ್ಚಗಿನ ನೀರಿನಿಂದ ಓದ್ಲಿಕ್ಕೆ ಬಂದ ಹುಡುಗರು! ನೀವೂ ಓದ್ಲಿಕ್ಕೆ ಬಂದವರೇ ಅಲ್ವಾ ಮೊದಲು?

1929ರಲ್ಲಿ ಲೂಯಿಸ್ ರೋಸೆನ್‌ಬರ್ಗ್ ಅಂತ ಲಂಡನ್ನಿನ ಒಬ್ಬ ನ್ಯೂಸ್‌ರೀಲಿನಲ್ಲಿ ಆಸ್ಟ್ರೇಲಿಯಾದವರನ್ನು ನೋಡಿ, ತಾನೇ ಮರದ ಬೋರ್ಡು ಕೆತ್ತಿ, ಗೆಳೆಯರ ಜೊತೆ ರೈಲಿನಲ್ಲಿ ಹೊತ್ಕೊಂಡು ನ್ಯೂಕ್ವೇ ಪಕ್ಕದ ಹೋಲಿವೆಲ್ ಬೇಗೆ ಹೋದ. ಎಲ್ಲರೂ ಬಿದ್ದರು, ಎದ್ದರು, ಅದನ್ನು ಫಿಲ್ಮೂ ಮಾಡಿದರು. ಅವನ ಬಳಿ ಫೋರ್‌ಕಾಸ್ಟೂ ಇರ್ಲಿಲ್ಲ, ಗೂಗಲ್ ಶೀಟೂ ಇರ್ಲಿಲ್ಲ. ಇಂದಿನ ಫೈಬರ್‌ಗ್ಲಾಸ್ ಬೋರ್ಡು ನ್ಯೂಕ್ವೇಗೆ ಬಂದದ್ದು 1962ರಲ್ಲಿ, ಆಸ್ಟ್ರೇಲಿಯಾದ ಲೈಫ್‌ಗಾರ್ಡುಗಳ ಜೊತೆ.

ಇನ್ನೊಬ್ಬರ ಹೆಸರು ಹೇಳಿದರೆ ಬೆಚ್ಚಿಬೀಳ್ತೀರಿ: ಅಗಾಥಾ ಕ್ರಿಸ್ಟಿ. ಡೆವನ್ನಿನಲ್ಲಿ ಹುಟ್ಟಿದ ಹೆಂಗಸು, 1922ರಲ್ಲಿ ಗಂಡನ ಜೊತೆ ಲೋಕ ಸುತ್ತಲು ಹೊರಟು, ದಕ್ಷಿಣ ಆಫ್ರಿಕಾದ ಮೈಜೆನ್‌ಬರ್ಗ್‌ನಲ್ಲಿ ಹಲಗೆ ಹಿಡಿದು ಕಲಿತು, ಹವಾಯಿಯಲ್ಲಿ ಎದ್ದೇ ನಿಂತರು. ಆಗ ಅವರಿಗೆ 31 ವರ್ಷ, ಎರಡು-ಮೂರು ವರ್ಷದ ಮಗಳು. ಮಗಳನ್ನು ಊರಲ್ಲಿ ಬಿಟ್ಟು ಹೋಗಿದ್ದರು. "ಮಗುವಿಗೋಸ್ಕರ ಬಂದೆ" ಅನ್ನುವ ನೆಪಕ್ಕೇ ಜಾಗ ಇರ್ಲಿಲ್ಲ ನೋಡಿ.

ಅಲ್ಲ, ಒಂದು ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ನಮ್ಮ ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಆಶ್ರಮವೇ ಇತ್ತಲ್ಲ, ಸ್ವಾಮೀಜಿಯೊಬ್ಬರು ತೆರೆ ಏರುತ್ತಿದ್ದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ಬೆಚ್ಚಗಿನ ನೀರು, ರಬ್ಬರಿನ ಉಪದ್ರ ಇಲ್ಲ. ಊರಲ್ಲಿರುವಷ್ಟು ಕಾಲ ಯಾವತ್ತಾದರೂ ಹೋಗಿದ್ರಾ? ಕಟೀಲು, ಉಡುಪಿ, ಕೊಲ್ಲೂರು ಮಾಡಿ, ಮಲ್ಪೆಯಲ್ಲಿ ಪ್ಯಾಂಟು ಮಡಚಿ ಪಾದ ಚಂಡಿ ಮಾಡ್ಕೊಂಡು ವಾಪಸ್. ಈಗ 16 ಡಿಗ್ರಿಗೆ ಹೊರಟಿದ್ದೀರಿ.

ಹೊರಟಿದ್ದೀರಿ ಅಂದ ಮೇಲೆ ತಮಾಷೆ ಬಿಟ್ಟು ಒಂದು ಮಾತು. ಬಾವುಟ ನೋಡಿ. ಕೆಂಪು-ಹಳದಿ ಬಾವುಟಗಳ ನಡುವೆ ಈಜುವವರು, ಮಲಗಿ ಜಾರುವ ಬಾಡಿಬೋರ್ಡಿನವರು. ಕಪ್ಪು-ಬಿಳಿ ಚೌಕದ ಬಾವುಟಗಳ ನಡುವೆ ಸರ್ಫ್‌ಬೋರ್ಡಿನವರು. ಬರೀ ಕೆಂಪು ಅಂದ್ರೆ ಯಾರೂ ಇಳಿಯುವ ಹಾಗಿಲ್ಲ. "ಒಂದು ಸಣ್ಣ ಫೋಟೋಗೆ" ಅಂತ ನೀವೂ ಇಲ್ಲ. ಕೇಸರಿ ಬಣ್ಣದ ಗಾಳಿಚೀಲ ಹಾರಾಡ್ತಿದ್ದರೆ ಗಾಳಿ ತುಂಬಿದ ಆಟಿಕೆ ನೀರಿಗಿಳಿಸ್ಬಾರದು. ಡಿಕ್ಕಿಯಲ್ಲಿ ಮಡಚಿಟ್ಟ ಗುಲಾಬಿ ಫ್ಲೆಮಿಂಗೋ ಅಲ್ಲೇ ಇರಲಿ. ನೆಲದ ಗಾಳಿ ತೆರೆಗೆ ಒಳ್ಳೇದು ಅಂದೆನಲ್ಲ, ಅದೇ ಗಾಳಿ ಫ್ಲೆಮಿಂಗೋವನ್ನು ಮಗುವಿನ ಸಮೇತ ಐರ್ಲೆಂಡಿನ ಕಡೆ ತಳ್ತದೆ.

ನೀರು ಹೊರಗೆ ಎಳೆದರೆ ಎದುರು ಈಜಬೇಡಿ, ಸೋಲ್ತೀರಿ. ಬೋರ್ಡು ಬಿಡಬೇಡಿ, ಕೈ ಎತ್ತಿ ಕೂಗಿ. ಬೋರ್ಡಿಲ್ಲದಿದ್ದರೆ ಅಂಗಾತ ತೇಲಿ. ದಡದಲ್ಲಿದ್ದವರು 999ಕ್ಕೆ ಹಾಕಿ ಕೋಸ್ಟ್‌ಗಾರ್ಡ್ ಅಂತ ಕೇಳಿ. ಕಾವಲಿಗೆ ಕೂತ ಕೆಂಪು-ಹಳದಿ ಅಂಗಿಯ ಹುಡುಗರು ಆರ್‌ಎನ್‌ಎಲ್‌ಐ ಕಡೆಯವರು. 1824ರಿಂದ ಇರುವ ಸಂಸ್ಥೆ, ಸರ್ಕಾರದ್ದಲ್ಲ, ಹೆಚ್ಚಾಗಿ ಜನರ ದೇಣಿಗೆಯಲ್ಲಿ ನಡೆಯುವಂಥದ್ದು. ಪಾರ್ಕಿಂಗ್ ಚಾರ್ಜನ್ನು ರೂಪಾಯಿಗೆ ಗುಣಿಸಿ ಎದೆ ಹಿಡ್ಕೊಳ್ಳುವ ಮೊದಲು ಅವರ ಡಬ್ಬಿಗೆ ಏನಾದ್ರೂ ಹಾಕಿ. (ಕಾಲಿಗೆ ಏನೋ ಚುಚ್ಚಿ ಉರಿ ಎದ್ದರೆ ಹೊಯಿಗೆಯಲ್ಲಿ ಹುದುಗುವ ವೀವರ್ ಮೀನು ಇರಬಹುದು. ತಾಳುವಷ್ಟು ಬಿಸಿನೀರಿನಲ್ಲಿ ಕಾಲಿಡಿ. ಅಮೃತಾಂಜನ ಬೇಡ.)

ಊಟದ ವಿಷಯ ಚುಟುಕಾಗಿ: ಕಾರ್ನಿಷ್ ಪೇಸ್ಟಿ ಅಂದ್ರೆ ನಮ್ಮ ಕರ್ಜಿಕಾಯಿಯ ದೊಡ್ಡಪ್ಪ. ಅಸಲಿಯಲ್ಲಿ ದನದ ಮಾಂಸ, ಬಟಾಟೆ, ಈರುಳ್ಳಿ, ಸ್ವೀಡ್ ಗಡ್ಡೆ. 2011ರಿಂದ ಹೆಸರಿಗೆ ಕಾನೂನಿನ ರಕ್ಷಣೆಯೂ ಉಂಟು. ತಿನ್ನದವರಿಗೆ ಚೀಸ್-ಈರುಳ್ಳಿಯದು ಸಿಗ್ತದೆ, ಕೇಳಿ ತಗೊಳ್ಳಿ. ಹೊರಗೆ ನಿಂತು ತಿನ್ನುವಾಗ ಆಕಾಶ ನೋಡ್ಕೊಳ್ಳಿ, ಕಡಲಹಕ್ಕಿ ಕೈಯಿಂದಲೇ ಕಿತ್ತುಕೊಳ್ತದೆ. ಸ್ಕೋನಿಗೆ ಕಾರ್ನ್‌ವಾಲಿನಲ್ಲಿ ಮೊದಲು ಜಾಮು, ಮೇಲೆ ಕ್ರೀಮು, ಡೆವನ್ನಿನಲ್ಲಿ ಉಲ್ಟಾ. ಆ ಜಗಳದಲ್ಲಿ ಬಾಯಿ ಹಾಕ್ಬೇಡಿ, ನಮಗೆ ನಮ್ಮ ಮದ್ದೂರು ವಡೆ ಸಾಕು.

ಮಳೆ ಬಂದರೆ? ಬರ್ತದೆ. ಬಂದರೆ ಎಲ್ಲರೂ ಗುಮ್ಮಟದೊಳಗೆ ಗಿಡ ಬೆಳೆಸಿದ ಈಡನ್ ಪ್ರಾಜೆಕ್ಟಿಗೆ ನುಗ್ತಾರೆ, ಅಲ್ಲಿ ಬಾಳೆಗಿಡದ ಎದುರು ನಿಂತು ಟಿಕೆಟ್ಟಿನ ರೇಟು ನೆನಪಾಗಿ ನಿಮಗೆ ಸಂಕಟ ಆಗ್ತದೆ. ಸರ್ಫಿಂಗಿಗೆ ಮಳೆ ಅಡ್ಡಿಯೇ ಅಲ್ಲ ಮಾರಾಯ್ರೆ, ಹೇಗೂ ಚಂಡಿ ಆಗುವವರಿಗೆ ಮೇಲಿನ ನೀರೂ ಒಂದೇ ಕೆಳಗಿನ ನೀರೂ ಒಂದೇ. ಗುಡುಗು-ಮಿಂಚಾದರೆ ಮಾತ್ರ ಹೊರಗೆ ಬನ್ನಿ.

ನಿಲ್ಲಲಿಕ್ಕೆ ಖಂಡಿತ ಆಗುವುದಿಲ್ಲ, ಮಂಡಿ ಸವೆದಿದೆ, ಡಾಕ್ಟರು ಹೇಳಿದ್ದಾರೆ ಅಂತೀರಾ? ಅದಕ್ಕೂ ದಾರಿ ಉಂಟು. ಮೂತಿ ಸ್ವಲ್ಪ ಮೇಲಕ್ಕೆ ಬಾಗಿದ ತೆಳು ಪ್ಲೈವುಡ್ ಹಲಗೆ, ಬೆಲ್ಲಿಬೋರ್ಡು. ಇಲ್ಲಿಯ ಅಜ್ಜ-ಅಜ್ಜಿಯಂದಿರು ಅದನ್ನು ಹೊಟ್ಟೆಗೊತ್ತಿ ಹಿಡಿದು ತೆರೆಯ ಜೊತೆ ದಡಕ್ಕೆ ಜಾರಿ ಬರ್ತಾರೆ. ಅದರ ಚಾಂಪಿಯನ್‌ಶಿಪ್ಪೇ ಕಾರ್ನ್‌ವಾಲಿನ ಚಾಪೆಲ್ ಪೋರ್ತ್‌ನಲ್ಲಿ ನಡೆದದ್ದುಂಟು. ಎದ್ದು ನಿಲ್ಲುವ ರಗಳೆಯೇ ಇಲ್ಲ.

ಮತ್ತೆ ಅಜ್ಜಿಯ ವಿಷಯ. ಬರೆದಿಟ್ಕೊಳ್ಳಿ, ನಿಮ್ಮ ಮನೆಯಲ್ಲಿ ಮೊದಲು ನೀರಿಗೆ ಇಳಿಯುವುದು ಅವರೇ. ಸ್ವೆಟರಿನ ಮೇಲೆ ಸ್ವೆಟರು, ಕಾಲಿಗೆ ಸಾಕ್ಸು, "ನನ್ನನ್ನು ಕಾರಲ್ಲೇ ಬಿಡಿ" ಅಂದವರು ಕಡಲು ಕಂಡ ಕೂಡಲೇ ಸಾಕ್ಸು ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ನೀರಲ್ಲಿ ನಿಂತು ಮೂರು ಸಲ ತಲೆಗೆ ಪ್ರೋಕ್ಷಣೆ ಮಾಡಿ ಬರ್ತಾರೆ. ಅಟ್ಲಾಂಟಿಕ್ ಆದರೇನು, ಸಮುದ್ರ ಸಮುದ್ರವೇ. ಆಗ ವಿಂಡ್‌ಬ್ರೇಕಿನ ಹಿಂದೆ ಶಾಲು ಹೊದ್ದು ಕೂತ ನಿಮ್ಮ ಮುಖ ನೋಡಬೇಕು.

ಅದಕ್ಕೇ ಹೇಳ್ತೇನೆ, ಇವತ್ತು ರಾತ್ರಿಯೇ ಬುಕ್ ಮಾಡಿ. ಆಗಸ್ಟಿನ ಪಾಠಗಳು ಬೇಗ ಫುಲ್ ಆಗ್ತಾವೆ. ಮಕ್ಕಳ ಎರಡು ಹೆಸರು ಹಾಕಿ ಸಬ್ಮಿಟ್ ಒತ್ತಬೇಡಿ, ಕೆಳಗೆ ಇನ್ನೂ ಸಾಲುಗಳುಂಟು, ನಿಮ್ಮ ಹೆಸರನ್ನೂ ಹಾಕಿ. ವೆಟ್‌ಸೂಟಿನ ಸೈಜಿಗೆ ಎತ್ತರ ಕೇಳ್ತಾರೆ, ತೂಕ ಕೇಳ್ತಾರೆ. ಎತ್ತರ ಒಂದಿಂಚು ಆಚೀಚೆ ಆದರೆ ನಡೀತದೆ. ತೂಕ ಮಾತ್ರ ಮದುವೆಯ ವರ್ಷದ್ದನ್ನು ಬರೀಬೇಡಿ ಮಾರಾಯ್ರೆ.